ಲಿಯು ತ್ಸಿಶಿನ್: ವಿದ್ಯುತ್ ಸ್ಥಾವರದ ಇಂಜಿನಿಯರ್ ಕಾದಂಬರಿಕಾರ ಆದದ್ದು ಹೇಗೆ?

ಓದುಗರ ಪ್ರಶ್ನೆ: ನಾನು ಇಂಜಿನಿಯರ್. ರಾತ್ರಿ ಹೊತ್ತು ಸ್ವಲ್ಪ ಕಥೆ ಬರೆಯುವ ಹವ್ಯಾಸ ಇದೆ. ನೆಟ್‌ಫ್ಲಿಕ್ಸ್‌ನಲ್ಲಿ ‘ತ್ರೀ ಬಾಡಿ ಪ್ರಾಬ್ಲಮ್’ ಸರಣಿ ನೋಡಿದೆ. ಅದರ ಮೂಲ ಕಾದಂಬರಿ ಬರೆದ ಚೀನಾದ ಲಿಯು ತ್ಸಿಶಿನ್ ಕೂಡ ಇಂಜಿನಿಯರ್ ಆಗಿದ್ದರು, ಆಫೀಸಿನಲ್ಲಿ ಕೂತೇ ಬರೆದರು ಅಂತ ಕೇಳಿದೆ. ನಿಜಾನಾ? ಸಾಂಸ್ಕೃತಿಕ ಕ್ರಾಂತಿಯ ಕ್ರೌರ್ಯವನ್ನು ಹಾಗೆ ಬರೆದೂ ಅವರು ಚೀನಾದಲ್ಲಿ ಹೇಗೆ ಉಳಿದರು? ಅವರನ್ನು ಓದೋಕೆ ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಹೌದು, ನಿಜ. ಉತ್ತರ ಚೀನಾದ ಶಾನ್ಸಿ ಪ್ರಾಂತ್ಯದಲ್ಲಿ ನ್ಯಾಂಗ್‌ಜಿಗ್ವಾನ್ ಅಂತ ಒಂದು ಊರಿದೆ. ಗುಡ್ಡಗಳ ನಡುವಿನ ಊರು. ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಲಿಯು ಕಂಪ್ಯೂಟರ್ ಇಂಜಿನಿಯರ್ ಆಗಿದ್ದರು. ವರ್ಷಗಟ್ಟಲೆ ಅದೇ ನೌಕರಿ. ‘ತ್ರೀ ಬಾಡಿ’ ಕಾದಂಬರಿಗಳ ಬಹುಪಾಲು ಹುಟ್ಟಿದ್ದು ಆ ನೌಕರಿಯಲ್ಲಿ ಇದ್ದಾಗಲೇ. ಕೆಲಸದ ಹೊತ್ತಿನಲ್ಲಿ ಆಫೀಸಿನ ಕಂಪ್ಯೂಟರ್ ಮುಂದೆ ಕೂತು ಬರೆಯುತ್ತಿದ್ದೆ ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಆದರೆ ಈ ಒಂದು ಸಂಗತಿಯನ್ನೇ ಹಿಡಿದುಕೊಂಡರೆ ಲಿಯು ಅರ್ಥ ಆಗುವುದಿಲ್ಲ. ಸ್ಥಾವರ ಅವರಿಗೆ ಸಮಯ ಕೊಟ್ಟಿತು, ಸಂಬಳ ಕೊಟ್ಟಿತು. ಅವರನ್ನು ಲೇಖಕರನ್ನಾಗಿ ಮಾಡಿದ್ದು ಇನ್ನೊಂದು ಊರಿನ ಒಂದು ಮಾಸಪತ್ರಿಕೆ, ಅದರ ಹುಡುಗ ವಯಸ್ಸಿನ ಓದುಗರು. ನೀವೂ ಬರೆಯುತ್ತೀರಿ ಅಂದಿದ್ದೀರಿ. ಅದಕ್ಕೇ ಆ ಪತ್ರಿಕೆಯ ವಿಷಯವನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮೊದಲು ಬಾಲ್ಯ.

ಲಿಯು ಹುಟ್ಟಿದ್ದು 1963ರಲ್ಲಿ, ಬೀಜಿಂಗ್‌ನಲ್ಲಿ. ಬೆಳೆದದ್ದು ಶಾನ್ಸಿಯ ಯಾಂಗ್‌ಚ್ವಾನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರಿಗೂ ಗಣಿಯಲ್ಲೇ ಕೆಲಸ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಹಳೆಯದನ್ನೆಲ್ಲ ಕಿತ್ತುಹಾಕಬೇಕು ಅಂತ ಚೀನಾದ ನಾಯಕ ಮಾವೋ ಶುರು ಮಾಡಿಸಿದ ಆಂದೋಲನ ಅದು. ಶಾನ್ಸಿಯಲ್ಲಿ ಕ್ರಾಂತಿಯ ಬಣಬಣಗಳೇ ಬಂದೂಕು ಹಿಡಿದು ಹೊಡೆದಾಡಿಕೊಂಡವು. ರಾತ್ರಿ ಗುಂಡಿನ ಸದ್ದು ಕೇಳಿಸುತ್ತಿತ್ತು, ಕೆಂಪು ಪಟ್ಟಿ ಕಟ್ಟಿಕೊಂಡವರು ಲಾರಿಗಳಲ್ಲಿ ಓಡಾಡುತ್ತಿದ್ದರು ಎಂದು ಲಿಯು ನೆನಪು ಮಾಡಿಕೊಳ್ಳುತ್ತಾರೆ. ಹುಡುಗ ಅಲ್ಲಿರುವುದು ಬೇಡ ಅಂತ ಹೆತ್ತವರು ಅವರನ್ನು ಹೆನಾನ್ ಪ್ರಾಂತ್ಯದ ಲುವೋಶಾನ್ ತಾಲ್ಲೂಕಿನ ಅಜ್ಜನ ಊರಿಗೆ ಕಳಿಸಿದರು. ಕಡುಬಡವರ ಹಳ್ಳಿ. ಆ ಊರಿಗೆ ಕರೆಂಟು ಬಂದದ್ದೇ 80ರ ದಶಕದಲ್ಲಿ.

ಅಲ್ಲಿ ಕಂಡ ಒಂದು ರಾತ್ರಿಯನ್ನು ಲಿಯು ಬರೆದಿದ್ದಾರೆ. 1970ರ ಏಪ್ರಿಲ್ 25. ಹಿಂದಿನ ದಿನವಷ್ಟೇ ಚೀನಾ ತನ್ನ ಮೊದಲ ಉಪಗ್ರಹ ಡಾಂಗ್‌ಫಾಂಗ್‌ಹಾಂಗ್-1 ಹಾರಿಸಿತ್ತು. ಊರವರೆಲ್ಲ ಕೆರೆಯ ಹತ್ತಿರ ಸೇರಿ ತಲೆ ಎತ್ತಿ ನಿಂತಿದ್ದರು. ಕಪ್ಪು ಆಕಾಶದಲ್ಲಿ ಒಂದು ಚುಕ್ಕಿ ನಿಧಾನಕ್ಕೆ ದಾಟಿ ಹೋಯಿತು. ಹುಡುಗನ ಹೊಟ್ಟೆಯಲ್ಲಿ ಹಸಿವು. ಪಕ್ಕದಲ್ಲಿದ್ದ ಎಷ್ಟೋ ಮಕ್ಕಳ ಕಾಲಿಗೆ ಚಪ್ಪಲಿಯೂ ಇಲ್ಲ. ಚಳಿಗೆ ಒಡೆದ ಪಾದಗಳು ಏಪ್ರಿಲ್ ಬಂದರೂ ಮಾಗಿರಲಿಲ್ಲ. ಹಿಂದೆ ಹುಲ್ಲಿನ ಗುಡಿಸಲುಗಳಲ್ಲಿ ಸೀಮೆಎಣ್ಣೆ ದೀಪ. ಅಷ್ಟೊಂದು ನಕ್ಷತ್ರಗಳ ನಡುವೆ ಹೋಗುತ್ತಿದೆಯಲ್ಲ, ಯಾವುದಕ್ಕಾದರೂ ಡಿಕ್ಕಿ ಹೊಡೆದರೆ ಏನು ಗತಿ ಅಂತ ಹುಡುಗನಿಗೆ ಭಯ.

ನಕ್ಷತ್ರಗಳು ಉಪಗ್ರಹಕ್ಕಿಂತ ಎಷ್ಟು ದೂರ ಇವೆ ಅನ್ನೋದು ಅವರಿಗೆ ತಿಳಿದದ್ದು ಆಮೇಲೆ, ಮಕ್ಕಳ ವಿಜ್ಞಾನದ ಒಂದು ಪುಸ್ತಕ ಓದಿದಾಗ. ಜ್ಯೋತಿರ್ವರ್ಷ ಅಂದರೇನು ಅಂತ ಅದರಲ್ಲಿ ಇತ್ತು. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ, ಹಾಗೆ ಒಂದು ವರ್ಷ ಓಡಿದರೆ ಒಂದು ಜ್ಯೋತಿರ್ವರ್ಷ. ನಾವೂ ಶಾಲೆಯಲ್ಲಿ ಇದನ್ನು ಓದಿದ್ದೇವೆ, ಬಾಯಿಪಾಠ ಮಾಡಿ ಮುಂದೆ ಹೋಗಿದ್ದೇವೆ. ಆ ಹುಡುಗ ಮುಂದೆ ಹೋಗಲಿಲ್ಲ. ಬೇರೆಯವರಿಗೆ ಬರೀ ಅಂಕಿಯಾಗಿ ಉಳಿಯುವ ದೂರಗಳು ತನ್ನ ಮನಸ್ಸಿನಲ್ಲಿ ಕೈಗೆ ಸಿಗುವ ವಸ್ತುವಿನ ಹಾಗೆ ರೂಪ ತಾಳುತ್ತವೆ ಅಂತ ಅವರಿಗೆ ಆಗಲೇ ಗೊತ್ತಾಯಿತಂತೆ. ಲಿಯು ಅವರ ಯಾವ ಕಥೆ ತೆಗೆದುಕೊಂಡರೂ ಅದರ ಬೇರು ಇಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಒಂದು ಕಡೆ ಬರಿಗಾಲಿನ ಮಗು, ಇನ್ನೊಂದು ಕಡೆ ಲೆಕ್ಕಕ್ಕೆ ಸಿಗದ ಆಕಾಶ. ಎರಡನ್ನೂ ಒಂದೇ ಚಿತ್ರದಲ್ಲಿ ಇಡುತ್ತಾರೆ.

ಐದು ವರ್ಷ ಕಳೆದು, 1975ರ ಆಗಸ್ಟ್‌ನಲ್ಲಿ, ಅದೇ ಹೆನಾನ್‌ನಲ್ಲಿ ಚಂಡಮಾರುತದ ಮಳೆಗೆ ಬಾಂಚ್ಯಾವ್ ಅಣೆಕಟ್ಟು ಒಡೆಯಿತು. ಜೊತೆಗೆ ಸುತ್ತಲಿನ ಹತ್ತಾರು ಅಣೆಕಟ್ಟುಗಳೂ ಹೋದವು. ಸತ್ತವರು ಹತ್ತಾರು ಸಾವಿರ. 2 ಲಕ್ಷ ದಾಟಿತ್ತು ಅನ್ನುವ ಅಂದಾಜುಗಳೂ ಇವೆ. ನೀರು ಇಳಿದ ಮೇಲೆ ಲಿಯು ಊರಿಗೆ ಬಂದಾಗ ಕಂಡಲ್ಲೆಲ್ಲ ನಿರಾಶ್ರಿತರು. ಜಗತ್ತೇ ಮುಗಿಯಿತೇನೋ ಅನ್ನಿಸಿತ್ತು ಅಂತ ಬರೆದಿದ್ದಾರೆ. ಇಂಥದ್ದನ್ನು ಹನ್ನೆರಡನೇ ವಯಸ್ಸಿನಲ್ಲಿ ಕಣ್ಣಾರೆ ಕಂಡವರು ಅವರು. ಮುಂದೆ ಅವರ ಕಾದಂಬರಿಗಳಲ್ಲಿ ಇಡೀ ನಾಗರಿಕತೆಗಳು ಒಂದೇ ಪುಟದಲ್ಲಿ ನಾಶವಾಗುವುದನ್ನು ಓದುವಾಗ ನನಗೆ ಈ ಪ್ರವಾಹ ನೆನಪಾಗುತ್ತದೆ.

ಓದಿನ ರುಚಿ ಹತ್ತಿದ್ದು ಅಪ್ಪನ ಪುಸ್ತಕಗಳಿಂದ. ಆಗ ವಿದೇಶಿ ಪುಸ್ತಕ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪಾಯ. ಅಪ್ಪ ಮಂಚದ ಕೆಳಗೆ ಒಂದು ಪೆಟ್ಟಿಗೆಯಲ್ಲಿ ಕೆಲವು ಪುಸ್ತಕ ಬಚ್ಚಿಟ್ಟಿದ್ದರು. ಅದರಲ್ಲಿ ಫ್ರಾನ್ಸಿನ ಜೂಲ್ಸ್ ವರ್ನ್ ಬರೆದ, ಭೂಮಿಯ ಒಡಲಿಗೆ ಇಳಿಯುವ ಕಥೆಯೂ ಇತ್ತು. ಹುಡುಗ ಅದನ್ನು ನಡೆದ ಸಂಗತಿ ಅಂತಲೇ ನಂಬಿದ. ಇದು ಕಲ್ಪನೆ, ಆದರೆ ವಿಜ್ಞಾನದ ಮೇಲೆ ನಿಂತ ಕಲ್ಪನೆ ಅಂತ ಬಿಡಿಸಿ ಹೇಳಿದವರು ಅಪ್ಪ. 80ರ ದಶಕದ ಮೊದಲಲ್ಲಿ ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಅವರ ‘2001’ ಕೈಗೆ ಸಿಕ್ಕಿತು. ಓದಿ ಮುಗಿಸಿ ಹೊರಗೆ ಬಂದು ಆಕಾಶ ನೋಡುತ್ತಾ ನಿಂತರಂತೆ. ನಾನು ಬರೆದದ್ದೆಲ್ಲ ಆ ಪುಸ್ತಕದ ಒರಟು ಅನುಕರಣೆ ಅಂತ ಅವರು ಹೇಳುವುದುಂಟು. ಅದು ವಿನಯದ ಮಾತು. ಆದರೂ ಕ್ಲಾರ್ಕ್ ಅವರ ಪ್ರಭಾವ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು ಅದರಿಂದ ತಿಳಿಯುತ್ತದೆ.

ಕಾಲೇಜಿನಲ್ಲಿ ಓದಿದ್ದು ಜಲವಿದ್ಯುತ್ ಇಂಜಿನಿಯರಿಂಗ್. ಆಮೇಲೆ ನ್ಯಾಂಗ್‌ಜಿಗ್ವಾನ್ ನೌಕರಿ. ಊರು ದೂರ, ಸಂಜೆ ಮೇಲೆ ಮಾಡೋಕೆ ಏನೂ ಇಲ್ಲ. ಸಹೋದ್ಯೋಗಿಗಳ ಜೊತೆ ಇಸ್ಪೀಟು. ಒಂದು ರಾತ್ರಿ ತಿಂಗಳ ಸಂಬಳದಷ್ಟು ದುಡ್ಡು ಸೋತರು. ಹೀಗೇ ಆದರೆ ಆಗೋದಿಲ್ಲ, ಖರ್ಚಿಲ್ಲದ ಏನಾದರೂ ಹಚ್ಚಿಕೊಳ್ಳಬೇಕು ಅಂತ ಬರವಣಿಗೆಗೆ ಕೂತೆ ಅಂತ ಹೇಳಿಕೊಂಡಿದ್ದಾರೆ. ತಾನೇ ಕವಿತೆ ಕಟ್ಟುವ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನೂ ಆ ಕಾಲದಲ್ಲೇ ಬರೆದಿದ್ದರು.

1989ರಲ್ಲಿ ‘ಚೀನಾ 2185’ ಅಂತ ಒಂದು ಕಾದಂಬರಿ ಬರೆದರು. ಮಾವೋ ಅವರ ಸಂರಕ್ಷಿಸಿಟ್ಟ ದೇಹದಿಂದ ಮಿದುಳನ್ನು ಕಂಪ್ಯೂಟರಿಗೆ ಇಳಿಸುವ ಕಥೆ. ವರ್ಷ ನೋಡಿ, ಬೀಜಿಂಗ್‌ನ ಟಿಯಾನನ್‌ಮೆನ್ ಚೌಕದಲ್ಲಿ ವಿದ್ಯಾರ್ಥಿಗಳ ಚಳವಳಿಯನ್ನು ಸೇನೆ ಹತ್ತಿಕ್ಕಿದ ವರ್ಷ. ವಸ್ತು ನೋಡಿ. ಅದು ಪುಸ್ತಕವಾಗಿ ಬರಲೇ ಇಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಇಂಟರ್ನೆಟ್‌ನಲ್ಲಿ ಕೈಯಿಂದ ಕೈಗೆ ಹೋಯಿತು. ಅಂದರೆ 1999ರಲ್ಲಿ ಮೊದಲ ಕಥೆ ಅಚ್ಚಾಗುವ ಹೊತ್ತಿಗೆ ಲಿಯು ಅವರಿಗೆ 36 ವರ್ಷ, ಪೆಟ್ಟಿಗೆಯಲ್ಲಿ ಹತ್ತು ವರ್ಷ ಹಳೆಯ ಹಸ್ತಪ್ರತಿ.

ಈಗ ಆ ಪತ್ರಿಕೆ. ಹೆಸರು ‘ಕೆಹ್ವಾನ್ ಶಿಜ್ಯೆ’, ‘ವಿಜ್ಞಾನ ಕಥಾಲೋಕ’ ಅಂದುಕೊಳ್ಳಿ. ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದಿಂದ ಬರುತ್ತದೆ. ಶುರುವಾದದ್ದು 1979ರಲ್ಲಿ, ಬೇರೆ ಹೆಸರಿನಲ್ಲಿ. ಆಗ ಚೀನಾದಲ್ಲಿ ವಿಜ್ಞಾನ ಕಥೆಗೆ ಒಳ್ಳೆಯ ಕಾಲ. ಹಲವು ಪತ್ರಿಕೆಗಳು ಹುಟ್ಟಿದ್ದವು. 1983ರಲ್ಲಿ ‘ಮನಸ್ಸಿನ ಮಾಲಿನ್ಯ’ ತೊಳೆಯುವ ಸರ್ಕಾರಿ ಅಭಿಯಾನ ಬಂತು. ವಿಜ್ಞಾನ ಕಥೆ ಅಂದರೆ ಸುಳ್ಳು ವಿಜ್ಞಾನ, ಜನರ ತಲೆ ಕೆಡಿಸುವ ಸರಕು ಅಂತ ಹಣೆಪಟ್ಟಿ ಬಿತ್ತು. ಒಂದೊಂದೇ ಪತ್ರಿಕೆ ಮುಚ್ಚಿತು. ಲೇಖಕರು ಪೆನ್ನು ಕೆಳಗಿಟ್ಟರು. ಚೆಂಗ್ಡುವಿನದು ಮಾತ್ರ ಹೇಗೋ ಉಸಿರು ಹಿಡಿದುಕೊಂಡಿತು.

ಅದನ್ನು ಉಳಿಸಿದವರಲ್ಲಿ ಸಂಪಾದಕಿ ಯಾಂಗ್ ಶ್ಯಾವ್ ಅವರದ್ದು ದೊಡ್ಡ ಹೆಸರು. ಜಗತ್ತಿನ ವಿಜ್ಞಾನ ಕಥೆಗಾರರ ಸಂಘದ 1991ರ ಸಮ್ಮೇಳನ ತಮ್ಮ ಊರಿನಲ್ಲೇ ಆಗಬೇಕು ಅಂತ ಅವರ ಆಸೆ. 1990ರ ಸಭೆ ಇದ್ದದ್ದು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ. ಯಾಂಗ್ ರೈಲಿನಲ್ಲೇ ಹೊರಟರು. ಎಂಟು ದಿನದ ಪ್ರಯಾಣ. ಇಷ್ಟು ದೂರ ರೈಲಿನಲ್ಲಿ ಬಂದವರನ್ನು ನೋಡಿ ಅಲ್ಲಿದ್ದವರು ಬೆರಗಾದರು. ಸಮ್ಮೇಳನ ಚೆಂಗ್ಡುವಿಗೆ ಸಿಕ್ಕಿತು. ವಿದೇಶಿ ಅತಿಥಿಗಳು ಬಂದು ಹೋದ ಮೇಲೆ ಚೀನಾದ ಅಧಿಕಾರಿಗಳ ಕಣ್ಣಲ್ಲೂ ಪತ್ರಿಕೆಯ ತೂಕ ಹೆಚ್ಚಿತು. ಈ ಮಹಿಳೆಯ ಹೆಸರು ಲಿಯು ಅವರ ಹೆಸರಿನಷ್ಟೇ ಪರಿಚಯ ಆಗಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಮುಂದಿನ ತಿರುವು 1999ರಲ್ಲಿ. ಆ ವರ್ಷ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಕೊಟ್ಟ ವಿಷಯ, ‘ನೆನಪುಗಳನ್ನು ಒಬ್ಬರಿಂದ ಒಬ್ಬರಿಗೆ ಕಸಿ ಮಾಡುವಂತಿದ್ದರೆ?’ ಚೀನಾದಲ್ಲಿ ಈ ಪರೀಕ್ಷೆ ಅಂದರೆ ಮನೆಮಂದಿಗೆಲ್ಲ ಜೀವನ್ಮರಣದ ಪ್ರಶ್ನೆ. ಅದೇ ಹೊತ್ತಿಗೆ ಬಂದ ಕೆಹ್ವಾನ್ ಶಿಜ್ಯೆ ಸಂಚಿಕೆಯಲ್ಲಿ ನೆನಪಿನ ಕಸಿಯ ಬಗ್ಗೆಯೇ ಬರಹ ಇತ್ತು. ಬರೀ ಕಾಕತಾಳೀಯ. ಆದರೆ ಅದುವರೆಗೆ ಇಂಥ ಪತ್ರಿಕೆ ಓದಿ ಹಾಳಾಗಬೇಡ ಅನ್ನುತ್ತಿದ್ದ ಅಪ್ಪ ಅಮ್ಮಂದಿರೇ ತಾವಾಗಿ ಕೊಂಡು ತಂದುಕೊಟ್ಟರು. ಪ್ರಸಾರ 4 ಲಕ್ಷದ ಹತ್ತಿರ ಹೋಯಿತು. ಓದುಗರಲ್ಲಿ ಹೆಚ್ಚಿನವರು ಹೈಸ್ಕೂಲು, ಕಾಲೇಜು ಮಕ್ಕಳು.

ಲಿಯು ಅವರ ಕಥೆಗಳು ಅಚ್ಚಾಗೋಕೆ ಶುರುವಾದದ್ದು ಸರಿಯಾಗಿ ಅದೇ ವರ್ಷ, ಅದೇ ಪತ್ರಿಕೆಯಲ್ಲಿ. ಅಲ್ಲಿಂದ ಮುಂದೆ ಪತ್ರಿಕೆಯ ಗ್ಯಾಲಕ್ಸಿ ಪ್ರಶಸ್ತಿ ಅವರಿಗೆ ವರ್ಷವರ್ಷವೂ ಬಂತು. ಎಂಥ ಕಥೆಗಳಿಗೆ ಅಂತ ಎರಡು ಉದಾಹರಣೆ ಹೇಳಿದರೆ ಗೊತ್ತಾಗುತ್ತದೆ.

1999ರ ‘ಅವಳ ಕಣ್ಣುಗಳೊಂದಿಗೆ’ ಕಥೆಯಲ್ಲಿ ಒಬ್ಬ ಇಂಜಿನಿಯರ್ ರಜೆಗೆ ಹೊರಡುತ್ತಾನೆ. ದೂರದಲ್ಲಿ ಕೆಲಸ ಮಾಡುವ, ರಜೆ ಸಿಗದ ಒಬ್ಬ ಹುಡುಗಿಯ ‘ಕಣ್ಣು’ಗಳನ್ನು ಜೊತೆಗೆ ಕೊಂಡೊಯ್ಯುತ್ತಾನೆ. ಅದು ಒಂಥರಾ ಕನ್ನಡಕ. ಅವನು ನೋಡಿದ್ದು ಅವಳಿಗೆ ಕಾಣುತ್ತದೆ, ಮುಟ್ಟಿದ್ದು ಅವಳಿಗೆ ತಾಕುತ್ತದೆ. ಹುಲ್ಲುಗಾವಲಿಗೆ ಹೋದರೆ ಅವಳು ಒಂದೊಂದು ಹೂವಿನ ಹತ್ತಿರವೂ ನಿಲ್ಲಿಸುತ್ತಾಳೆ. ಮೂಸಿ ನೋಡು ಅನ್ನುತ್ತಾಳೆ, ಹುಲ್ಲು ಮುಟ್ಟು ಅನ್ನುತ್ತಾಳೆ. ಅವನಿಗೆ ಕಿರಿಕಿರಿ. ಅವಳು ಬಾಹ್ಯಾಕಾಶದಲ್ಲಿ ಇದ್ದಾಳೆ ಅಂತ ಅವನ ಎಣಿಕೆ. ಆಮೇಲೆ ನಿಜ ತಿಳಿಯುತ್ತದೆ. ಅವಳಿರುವುದು ಭೂಮಿಯನ್ನು ಕೊರೆದು ಇಳಿದ ಒಂದು ನೌಕೆಯಲ್ಲಿ. ಅದು ಕೆಟ್ಟು ಭೂಮಿಯ ಗರ್ಭದಲ್ಲಿ ಸಿಕ್ಕಿಕೊಂಡಿದೆ. ಒಂದು ಚಿಕ್ಕ ಕೋಣೆ, ಉಳಿದ ಆಯಸ್ಸೆಲ್ಲ ಅಲ್ಲೇ. ಮೇಲೆ ಬರುವ ದಾರಿ ಇಲ್ಲ. ಈ ಕಥೆ ಈಗ ಚೀನಾದ ಏಳನೇ ತರಗತಿಯ ಭಾಷಾ ಪಠ್ಯದಲ್ಲಿದೆ.

ಇನ್ನೊಂದು 2001ರ ‘ಹಳ್ಳಿಯ ಮೇಷ್ಟ್ರು’. ಬೆಟ್ಟದ ಮೇಲಿನ ಬಡ ಊರು. ಮೇಷ್ಟ್ರಿಗೆ ಕ್ಯಾನ್ಸರ್, ಇನ್ನೇನು ಕೊನೆ. ತಾನು ಹೋದ ಮೇಲೆ ಈ ಮಕ್ಕಳಿಗೆ ಪಾಠ ಹೇಳೋಕೆ ಯಾರೂ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಹಾಸಿಗೆಯಲ್ಲೇ ಮಲಗಿ ನ್ಯೂಟನ್ನನ ಮೂರು ಚಲನೆಯ ನಿಯಮಗಳನ್ನು ಹೇಳಿಕೊಡುತ್ತಾರೆ. ಮಕ್ಕಳಿಗೆ ಅರ್ಥ ಆಗುವುದಿಲ್ಲ. ಪರವಾಗಿಲ್ಲ, ಬಾಯಿಪಾಠ ಮಾಡಿ ಅನ್ನುತ್ತಾರೆ. ಇತ್ತ ಆಕಾಶಗಂಗೆಯಲ್ಲಿ ಭಾರಿ ಯುದ್ಧ ನಡೆದಿದೆ. ಶತ್ರು ದಾಟದ ಹಾಗೆ ಒಂದು ಪಟ್ಟಿಯ ನಕ್ಷತ್ರಗಳನ್ನೆಲ್ಲ ಒಡೆಯಲು ಒಂದು ಸೇನೆ ಬರುತ್ತಿದೆ. ಬುದ್ಧಿವಂತ ಜೀವಿಗಳಿರುವ ಲೋಕ ಮಾತ್ರ ಬಿಡಬೇಕು ಅಂತ ಅವರ ನಿಯಮ. ಭೂಮಿಯಿಂದ ಪರೀಕ್ಷೆಗೆ ಎತ್ತಿಕೊಂಡದ್ದು ಈ ಊರಿನ 18 ಮಕ್ಕಳನ್ನು. ಒಂದು ಪ್ರಶ್ನೆಗೂ ಉತ್ತರ ಇಲ್ಲ. ಕೊನೆಗೆ ವಸ್ತುಗಳ ಚಲನೆಯ ಬಗ್ಗೆ ಕೇಳಿದಾಗ 18 ಮಕ್ಕಳೂ ಒಂದೇ ದನಿಯಲ್ಲಿ ಮೂರು ನಿಯಮ ಒಪ್ಪಿಸುತ್ತಾರೆ. ಭೂಮಿ ಉಳಿಯುತ್ತದೆ. ಗಾಳಿಯಲ್ಲಿ ಸದ್ದು ಮಾಡಿ ಒಬ್ಬರಿಗೊಬ್ಬರು ತಿಳಿವು ದಾಟಿಸುವ ಈ ಜೀವಿಗಳು ಇಷ್ಟು ಮುಂದೆ ಬಂದದ್ದು ಹೇಗೆ ಅಂತ ಆ ಸೇನೆಯವರಿಗೆ ಆಶ್ಚರ್ಯ. ಅವರಲ್ಲಿ ಶಿಕ್ಷಕರು ಅಂತ ಒಂದು ಬಗೆಯವರಿದ್ದಾರೆ ಅಂತ ಆಗ ಗೊತ್ತಾಗುತ್ತದೆ. ನಾನು ಈ ಕಥೆಯನ್ನು ಎಷ್ಟು ಸಲ ಓದಿದರೂ ಮಕ್ಕಳು ಒಪ್ಪಿಸುವ ಜಾಗಕ್ಕೆ ಬಂದಾಗ ಗಂಟಲು ಕಟ್ಟುತ್ತದೆ.

ಇವನ್ನು ಓದಿದ ಮೇಲೆ ‘ತ್ರೀ ಬಾಡಿ’ ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ, ಅಲ್ವಾ? 2006ರಲ್ಲಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 2008ರಲ್ಲಿ ಪುಸ್ತಕ. ಅದೇ ವರ್ಷ ಎರಡನೆಯದು, ‘ಕತ್ತಲ ಕಾಡು’. ಮೂರನೆಯದು 2010ರಲ್ಲಿ.

ನೀವು ಇಂಜಿನಿಯರ್ ಆದ್ದರಿಂದ ಮೊದಲ ಕಾದಂಬರಿಯ ಒಂದು ಭಾಗ ವಿಶೇಷವಾಗಿ ಹೇಳಬೇಕು. ಕಾದಂಬರಿಯ ಪಾತ್ರಗಳು ಆಡುವ ಒಂದು ವಿಡಿಯೋ ಆಟದಲ್ಲಿ, ಮೂರು ಸೂರ್ಯರ ನಡುವೆ ಸಿಕ್ಕಿದ ಅನ್ಯಲೋಕದವರ ಗ್ರಹದ ದಾರಿ ಲೆಕ್ಕ ಹಾಕಬೇಕು. ಕಂಪ್ಯೂಟರ್ ಇಲ್ಲ. ಆಟದೊಳಗಿನ ಆ ಲೋಕದಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹ್ವಾಂಗ್ 3 ಕೋಟಿ ಸೈನಿಕರನ್ನು ಬಯಲಿನಲ್ಲಿ ನಿಲ್ಲಿಸುತ್ತಾನೆ. ಪ್ರತಿಯೊಬ್ಬನ ಕೈಯಲ್ಲಿ ಒಂದು ಕಪ್ಪು ಬಾವುಟ, ಒಂದು ಬಿಳಿ. ಮೂರು ಜನ ಸೇರಿದರೆ ಒಂದು ಗೇಟ್, ಅಂದರೆ ಕಂಪ್ಯೂಟರಿನ ಲೆಕ್ಕದ ಪುಟ್ಟ ಘಟಕ. ಮುಂದಿನ ಇಬ್ಬರೂ ಕಪ್ಪು ಎತ್ತಿದರೆ ಮಾತ್ರ ಮೂರನೆಯವನು ಕಪ್ಪು ಎತ್ತಬೇಕು; ಇಲ್ಲದಿದ್ದರೆ ಬಿಳಿ. ಅದು ಆಂಡ್ ಗೇಟ್. ನಿಯಮ ಸ್ವಲ್ಪ ಬದಲಿಸಿದರೆ ಆರ್ ಗೇಟ್. ಸೈನಿಕರಿಗೆ ಗಣಿತ ಗೊತ್ತಿರಬೇಕಿಲ್ಲ, ಕಣ್ಣೆದುರಿನ ಇಬ್ಬರ ಕೈ ನೋಡಿದರೆ ಸಾಕು. ಕುದುರೆ ಸವಾರರು ಮಾಹಿತಿ ಹೊತ್ತು ಓಡುತ್ತಾರೆ. ಇಡೀ ಬಯಲು ಒಂದು ಮದರ್‌ಬೋರ್ಡ್ ಆಗುತ್ತದೆ. ವರ್ಷಗಟ್ಟಲೆ ಕಂಪ್ಯೂಟರ್ ಜೊತೆ ಕೆಲಸ ಮಾಡಿದವರಿಗೆ ಮಾತ್ರ ಹೊಳೆಯುವ ದೃಶ್ಯ ಇದು.

ಹೆಸರಿನಲ್ಲಿರುವ ಸಮಸ್ಯೆ ಭೌತಶಾಸ್ತ್ರದ್ದೇ. ಎರಡು ಕಾಯಗಳು ಒಂದನ್ನೊಂದು ಎಳೆಯುತ್ತಿದ್ದರೆ ಅವುಗಳ ದಾರಿಯನ್ನು ನಿಖರವಾಗಿ ಹೇಳಬಹುದು. ಮೂರನೆಯದು ಸೇರಿತೋ, ಎಲ್ಲ ಸಂದರ್ಭಕ್ಕೂ ಹೊಂದುವ ಸರಳ ಸೂತ್ರ ಇಲ್ಲ. ಶುರುವಿನ ಸಣ್ಣ ವ್ಯತ್ಯಾಸ ಮುಂದೆ ದಾರಿಯನ್ನೇ ಬದಲಿಸುತ್ತದೆ. 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ ಇದನ್ನು ತೋರಿಸಿಕೊಟ್ಟರು. ಒಂದು ಮಾತು ಇಲ್ಲಿ ಸೇರಿಸಬೇಕು. ಕಾದಂಬರಿಯಲ್ಲಿ ಅನ್ಯಲೋಕದವರ ಮನೆ ನಮ್ಮಿಂದ ನಾಲ್ಕು ಜ್ಯೋತಿರ್ವರ್ಷ ಆಚೆಯ ಆಲ್ಫಾ ಸೆಂಟಾರಿ. ನಿಜದಲ್ಲೂ ಅಲ್ಲಿ ಮೂರು ನಕ್ಷತ್ರ ಇವೆ. ಆದರೆ ಎರಡು ಹತ್ತಿರ ಇದ್ದು ಮೂರನೆಯ ಪ್ರಾಕ್ಸಿಮಾ ತುಂಬಾ ದೂರದಲ್ಲಿ ಸುತ್ತುತ್ತದೆ. ಹಾಗಾಗಿ ಕಾದಂಬರಿಯ ಗೊಂದಲ ಅಲ್ಲಿ ಇಲ್ಲ. ಆ ಸ್ವಾತಂತ್ರ್ಯ ಲಿಯು ತೆಗೆದುಕೊಂಡದ್ದು ನನಗೆ ತಪ್ಪು ಅನ್ನಿಸುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ನೀವು ಸರಣಿಯ ಶುರುವಿನಲ್ಲೇ ನೋಡಿದಿರಲ್ಲ, ಭೌತಶಾಸ್ತ್ರದ ಪ್ರೊಫೆಸರನ್ನು ಸಾವಿರಾರು ಜನರ ಎದುರು ಹೊಡೆದು ಸಾಯಿಸುವ ದೃಶ್ಯ, ಅದು ಚೀನೀ ಪುಸ್ತಕದಲ್ಲಿ ಮೊದಲಿಗೆ ಬರುವುದಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳನ್ನು ತೆಗೆದು ಪುಸ್ತಕದ ನಡುವೆ ಇಟ್ಟರು. ಮೊದಲ ಪುಟದಲ್ಲೇ ಅದಿದ್ದರೆ ಸೆನ್ಸಾರ್ ಕಣ್ಣಿಗೆ ಬೀಳುತ್ತದೆ ಅನ್ನೋ ಅಂಜಿಕೆ. ಇಂಗ್ಲಿಷಿಗೆ ತಂದ ಕೆನ್ ಲಿಯು ಅದನ್ನು ಮತ್ತೆ ಶುರುವಿಗೆ ಇಡೋಣವೇ ಅಂತ ಕೇಳಿದರು. ಲೇಖಕರು ಕೂಡಲೇ ಒಪ್ಪಿದರು. ಅವರ ಮನಸ್ಸಿನಲ್ಲಿ ಮೊದಲಿಂದ ಇದ್ದ ಕ್ರಮವೇ ಅದು. ಇನ್ನೊಂದು ಸಂಗತಿಯೂ ಇದೆ. ಸಾಂಸ್ಕೃತಿಕ ಕ್ರಾಂತಿ ದೊಡ್ಡ ತಪ್ಪು ಅಂತ ಚೀನಾದ ಆಳುವ ಪಕ್ಷವೇ 1981ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿದೆ. ಆ ಕಾಲದ ನೋವನ್ನು ಬರೆದ ಸಾಹಿತ್ಯ ಅಲ್ಲಿ ಬೇಕಾದಷ್ಟಿದೆ. ಬರೆಯಬಾರದು ಅಂತಲ್ಲ, ಎಷ್ಟು, ಎಲ್ಲಿ ಅನ್ನೋದರ ಮೇಲೆ ನಿಗಾ.

ಲಿಯು ತಮ್ಮ ಸರ್ಕಾರದ ವಿರುದ್ಧ ದನಿ ಎತ್ತುವ ಲೇಖಕರಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. 2019ರಲ್ಲಿ ಅಮೆರಿಕದ ‘ನ್ಯೂಯಾರ್ಕರ್’ ಪತ್ರಿಕೆಗೆ ಮಾತಾಡುವಾಗ ಶಿನ್‌ಜಿಯಾಂಗ್‌ನಲ್ಲಿ ಉಯ್ಗುರ್ ಮುಸ್ಲಿಮರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದನ್ನು ಸಮರ್ಥಿಸಿಕೊಂಡರು. 2020ರಲ್ಲಿ ಅಮೆರಿಕದ ಐವರು ಸೆನೆಟರುಗಳು, ಇವರ ಕಾದಂಬರಿಯನ್ನು ಯಾಕೆ ಸರಣಿ ಮಾಡುತ್ತಿದ್ದೀರಿ ಅಂತ ನೆಟ್‌ಫ್ಲಿಕ್ಸ್‌ಗೆ ಪತ್ರ ಬರೆದರು. ಅವರ ಮಾತನ್ನು ನಾವು ಒಪ್ಪುವುದಿಲ್ಲ, ಅವರು ಪುಸ್ತಕದ ಲೇಖಕರು, ಸರಣಿ ಕಟ್ಟುವವರಲ್ಲ ಅಂತ ಕಂಪನಿ ಉತ್ತರಿಸಿತು. ಲಿಯು ಅವರ ಆ ಮಾತು ಓದಿದಾಗ ನನಗೆ ತುಂಬಾ ಬೇಸರವಾಯಿತು. ಗುಂಪಿನ ಕೈಯಲ್ಲಿ ಒಂಟಿ ಮನುಷ್ಯ ಸಿಕ್ಕಿದಾಗ ಏನಾಗುತ್ತದೆ ಅಂತ ಅಷ್ಟು ಚೆನ್ನಾಗಿ ಬರೆದವರು ಹಾಗೆ ಹೇಳಬಾರದಿತ್ತು. ಕಾದಂಬರಿಗಳನ್ನು ನಾನು ಈಗಲೂ ಓದುತ್ತೇನೆ. ನೀವು ಓದುವಾಗ ಈ ವಿಷಯವೂ ಗೊತ್ತಿರಲಿ.

ಹೊರಗಿನ ಜಗತ್ತಿಗೆ ಅವರು ತಲುಪಿದ್ದು ಕೆನ್ ಲಿಯು ಅವರಿಂದ. ಹುಟ್ಟಿದ್ದು ಚೀನಾದ ಲಾನ್‌ಜೋನಲ್ಲಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವರು. ಸ್ವತಃ ಒಳ್ಳೆಯ ಕಥೆಗಾರ. ಅವರ ಅನುವಾದ 2014ರಲ್ಲಿ ಬಂತು. ವಿಜ್ಞಾನ ಕಥೆಗೆ ಕೊಡುವ ದೊಡ್ಡ ಪ್ರಶಸ್ತಿ ಹ್ಯೂಗೋ. 2015ರ ಅದರ ಅಂತಿಮ ಪಟ್ಟಿಯಲ್ಲಿ ಮೊದಲಿಗೆ ಈ ಕಾದಂಬರಿ ಇರಲೇ ಇಲ್ಲ. ಆ ವರ್ಷ ಕೆಲವು ಗುಂಪುಗಳು ಒಟ್ಟಾಗಿ ಮತ ಹಾಕಿ ತಮಗೆ ಬೇಕಾದವರನ್ನು ಪಟ್ಟಿಗೆ ಸೇರಿಸಿದ್ದವು. ಹಾಗೆ ಪಟ್ಟಿಗೆ ಬಂದಿದ್ದ ಲೇಖಕ ಮಾರ್ಕೋ ಕ್ಲೂಸ್, ಈ ರೀತಿ ಸಿಕ್ಕ ಜಾಗ ನನಗೆ ಬೇಡ ಅಂತ ಹಿಂದೆ ಸರಿದರು. ಖಾಲಿಯಾದ ಜಾಗಕ್ಕೆ ‘ತ್ರೀ ಬಾಡಿ’ ಬಂತು, ಗೆದ್ದೂ ಬಿಟ್ಟಿತು. ಹೆಸರು ಘೋಷಿಸಿದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಚೆಲ್ ಲಿಂಡ್‌ಗ್ರೆನ್. ಲಿಯು ಅಲ್ಲಿ ಇರಲಿಲ್ಲ. ಪ್ರಶಸ್ತಿ ತೆಗೆದುಕೊಂಡವರು ಅನುವಾದಕರು. ಅನುವಾದವಾದ ಕಾದಂಬರಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕ್ಲೂಸ್ ಮಾಡಿದ್ದು ದೊಡ್ಡ ಕೆಲಸ. ಅದನ್ನು ನೆನೆಯುವವರು ಕಡಿಮೆ.

ಆಮೇಲಿನದು ನಿಮಗೂ ಗೊತ್ತಿರುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮ ಮೆಚ್ಚಿದರು. 2019ರಲ್ಲಿ ‘ದಿ ವಾಂಡರಿಂಗ್ ಅರ್ಥ್’ ಸಿನಿಮಾ ಬಂದು ಚೀನಾದಲ್ಲಿ ಭಾರಿ ದುಡ್ಡು ಮಾಡಿತು. ಭೂಮಿಗೇ ಎಂಜಿನ್ ಕಟ್ಟಿ ಸೂರ್ಯನಿಂದ ದೂರ ಓಡಿಸುವ ಕಥೆ. ಮೂಲ ಕಥೆ ಬರೆದದ್ದು 2000ದಲ್ಲಿ. 2023ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿ ‘ತ್ರೀ ಬಾಡಿ’ಯನ್ನು 30 ಕಂತುಗಳ ಚೀನೀ ಸರಣಿ ಮಾಡಿತು. 2024ರ ಮಾರ್ಚ್‌ನಲ್ಲಿ ನೀವು ನೋಡಿದ ನೆಟ್‌ಫ್ಲಿಕ್ಸ್ ಸರಣಿ. ಅದರಲ್ಲಿ ಕಥೆಯ ಬಹುಪಾಲು ಲಂಡನ್ನಿಗೆ ಹೋಗಿದೆ, ಪಾತ್ರಗಳೂ ಬೇರೆ. ಮೂಲಕ್ಕೆ ಹತ್ತಿರದ್ದು ಬೇಕಾದರೆ ಚೀನೀ ಸರಣಿ ನೋಡಿ. ನಿಧಾನ, ಆದರೆ ಮೂಲಕ್ಕೆ ನಿಷ್ಠೆಯಿಂದ ಇದೆ. 2023ರಲ್ಲೇ ವಿಜ್ಞಾನ ಕಥೆಯ ವಿಶ್ವ ಸಮ್ಮೇಳನ ಚೆಂಗ್ಡುವಿನಲ್ಲಿ ನಡೆಯಿತು. ಗೌರವ ಅತಿಥಿಗಳಲ್ಲಿ ಲಿಯು ಒಬ್ಬರು.

ಕೊರತೆ ಇಲ್ಲವೇ? ಇದೆ. ಅವರ ಮನುಷ್ಯರು ಬಹಳ ಸಲ ಒಂದು ವಿಚಾರವನ್ನು ಹೊರುವುದಕ್ಕಷ್ಟೇ ಬರುತ್ತಾರೆ. ಹೆಂಗಸರ ಪಾತ್ರಗಳಂತೂ ಇನ್ನೂ ತೆಳು. ‘ಕತ್ತಲ ಕಾಡಿ’ನಲ್ಲಿ ನಾಯಕ ತನ್ನ ಕನಸಿನ ಹೆಣ್ಣನ್ನು ಹುಡುಕಿಸಿ ತರಿಸಿಕೊಳ್ಳುವ ಭಾಗ ಇದೆ. ನನಗೆ ಅದು ಹಿಡಿಸಲೇ ಇಲ್ಲ. ಅಪ್ಪನ ಸಾವನ್ನು ಕಣ್ಣಾರೆ ಕಂಡು, ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡು ಅನ್ಯಲೋಕಕ್ಕೆ ಉತ್ತರ ಕಳಿಸುವ ಯೆ ವೆನ್‌ಜಿಯೆ ಮಾತ್ರ ಇದಕ್ಕೆ ಹೊರತು. ಅವಳ ನಿರ್ಧಾರ ತಪ್ಪು ಅಂತ ಗೊತ್ತಿದ್ದೂ ಅವಳ ಪರ ನಿಲ್ಲಬೇಕು ಅನ್ನಿಸುತ್ತದೆ.

ನೀವು ಬರೆಯುವವರು, ಅದಕ್ಕೆ ಒಂದು ಸಂಗತಿ. ಮೂರನೆಯ ಕಾದಂಬರಿ ಬರೆಯುವಾಗ, ಇದು ಸಾಮಾನ್ಯ ಓದುಗರಿಗೆ ಹಿಡಿಸುವುದು ಕಷ್ಟ ಅಂತ ಲಿಯು ಮತ್ತು ಪ್ರಕಾಶಕರು ಇಬ್ಬರಿಗೂ ಅನ್ನಿಸಿತ್ತು. ಹಾಗಿದ್ದರೆ ಅಪ್ಪಟ ವಿಜ್ಞಾನ ಕಥೆಯ ಅಭಿಮಾನಿಗಳಿಗೇ ಬರೆಯೋಣ ಅಂತ ಅವರು ಆಯಾಮಗಳು, ಕೃಷ್ಣರಂಧ್ರಗಳು, ವಿಶ್ವದ ಅಂತ್ಯ ಎಲ್ಲವನ್ನೂ ಮನಸ್ಸು ಬಿಚ್ಚಿ ತುಂಬಿದರು. ಇಡೀ ಸರಣಿ ಚೀನಾದಲ್ಲಿ ಮನೆಮಾತಾಗಿದ್ದು ಆ ಮೂರನೆಯದು ಬಂದ ಮೇಲೆ. ಸುಮ್ನೆ ಯಾರಿಗೋ ಇಷ್ಟ ಆಗಲಿ ಅಂತ ನಿಮ್ಮ ಕಥೆಯಿಂದ ನಿಮ್ಮ ಇಂಜಿನಿಯರಿಂಗನ್ನು ತೆಗೆದುಹಾಕಬೇಡಿ. ಬರೆದದ್ದನ್ನು ಪೆಟ್ಟಿಗೆಯಲ್ಲಿ ಇಡದೆ ಪತ್ರಿಕೆಗಳಿಗೆ ಕಳಿಸಿ. ಲಿಯು ಅವರ ಹತ್ತು ವರ್ಷ ಪೆಟ್ಟಿಗೆಯಲ್ಲಿ ಹೋಯಿತು. ಅಚ್ಚಾದ ಮೇಲಿನ ಏಳೇ ವರ್ಷದಲ್ಲಿ ಅವರು ‘ತ್ರೀ ಬಾಡಿ’ವರೆಗೆ ಬಂದರು.

ಎಲ್ಲಿಂದ ಶುರು ಮಾಡೋದು? ನೇರವಾಗಿ ಕಾದಂಬರಿಗೆ ಹೋಗಬೇಡಿ. ಮೊದಲು ಸಣ್ಣ ಕಥೆಗಳು. ‘ಹಳ್ಳಿಯ ಮೇಷ್ಟ್ರು’ ಇಂಗ್ಲಿಷಿನಲ್ಲಿ ‘ಟು ಹೋಲ್ಡ್ ಅಪ್ ದಿ ಸ್ಕೈ’ ಸಂಕಲನದಲ್ಲಿದೆ. ‘ಅವಳ ಕಣ್ಣುಗಳೊಂದಿಗೆ’ ಇರುವುದು ‘ದಿ ವಾಂಡರಿಂಗ್ ಅರ್ಥ್’ ಸಂಕಲನದಲ್ಲಿ. ಇವು ಹಿಡಿಸಿದರೆ ಮೂರು ಕಾದಂಬರಿಗಳನ್ನು ಕ್ರಮವಾಗಿ ಓದಿ. ಮೊದಲನೆಯದು, ಮೂರನೆಯದು ಕೆನ್ ಲಿಯು ಅನುವಾದ. ನಡುವಿನದು ಜೋಯಲ್ ಮಾರ್ಟಿನ್‌ಸೆನ್ ಅವರದ್ದು. ಎರಡನೆಯದರ ಮೊದಲ ಭಾಗ ಎಳೆದ ಹಾಗೆ ಅನ್ನಿಸಬಹುದು, ಅಲ್ಲಿ ಬಿಡಬೇಡಿ. ಕಣ್ಣೀರ ಹನಿಯ ಆಕಾರದ ಒಂದು ಪುಟ್ಟ ನೌಕೆ ಮನುಷ್ಯರ ಸುಮಾರು 2000 ಯುದ್ಧನೌಕೆಗಳ ಸಾಲಿನ ಎದುರು ಬಂದು ನಿಲ್ಲುವವರೆಗೆ ಓದಿ. ಅದಾದ ಮೇಲೆ ಮೂರನೆಯದನ್ನು ಓದಿ ಅಂತ ನಾನು ಹೇಳಬೇಕಾಗಿ ಬರುವುದಿಲ್ಲ.